ಇನ್ನೂರರ ಲೆಕ್ಕ



ಪ್ರಧಾನ ಭಾಷಣಕ್ಕೆ ಸಾಮಾನ್ಯವಾಗಿ ಸಾಹಿತಿಗಳನ್ನು ಕರೆಯುತ್ತಾರೆ, ಇಲ್ಲವೇ ವಿಜ್ಞಾನಿಗಳನ್ನು ಕರೆಯುತ್ತಾರೆ. ಈ ಸಲ ಲೆಕ್ಕ ಬರೆಯುವವನನ್ನು ಕರೆದಿದ್ದೀರಿ. ನನ್ನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಇಲ್ಲಿಗೆ ಬಂದು ಇಲ್ಲಿಯ ಪರೀಕ್ಷೆಯನ್ನೂ ಬರೆದು, ಹದಿನೈದು ವರ್ಷಗಳಿಂದ ಲಾಂಗ್ ಬೀಚಿನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಊರು ಬದಲಾಯಿತು, ವಸ್ತು ಬದಲಾಯಿತು, ಕೂಡು-ಕಳೆ ಅದೇ.

ಇವತ್ತು ನಾನು ಮಾತನಾಡಬೇಕೆಂದಿರುವುದು ಷೇರು ಮಾರುಕಟ್ಟೆಯ ಬಗ್ಗೆ ಅಲ್ಲ, ತೆರಿಗೆ ಉಳಿಸುವ ಉಪಾಯಗಳ ಬಗ್ಗೆಯೂ ಅಲ್ಲ. ಕೈಯಲ್ಲಿ ಏನೂ ಇಲ್ಲದ ಮುದುಕರಿಗೆ ಸರ್ಕಾರ ಕೊಡುವ ತಿಂಗಳ ಹಣವನ್ನು ಯಾರು ಗೊತ್ತುಮಾಡುತ್ತಾರೆ, ಹೇಗೆ ಗೊತ್ತುಮಾಡುತ್ತಾರೆ, ಆಮೇಲೆ ಅದರಲ್ಲಿ ಹೇಗೆ ಕಡಿತ ಮಾಡುತ್ತಾರೆ ಎಂಬುದರ ಬಗ್ಗೆ. ಇದು ನಮಗೇಕೆ ಬೇಕು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ಲಕೋಟೆ ನನ್ನ ಮೇಜಿನ ಮೇಲೆ ಬರುವವರೆಗೆ.

ನಮ್ಮ ಸಂಘದ ಹಬ್ಬಗಳಿಗೆಲ್ಲ ಬರುವ ಒಬ್ಬ ಅಜ್ಜಿ ಇದ್ದಾರೆ. ಹೆಸರು ಹೇಳುವುದಿಲ್ಲ. ಅರಸೀಕೆರೆಯ ಕಡೆಯವರು. ಮಗನ ಜೊತೆ ಬಂದು ಇಪ್ಪತ್ತು ವರ್ಷವಾಯಿತು, ಇಲ್ಲಿಯ ಪೌರತ್ವವನ್ನೂ ತೆಗೆದುಕೊಂಡಿದ್ದಾರೆ. ತಾತ ತೀರಿಕೊಂಡ ಮೇಲೆ ಇದೇ ಊರಿನ ವೃದ್ಧರ ವಸತಿಯಲ್ಲಿ ಒಂದು ಕೋಣೆ ಸಿಕ್ಕಿತು. ಮಗ ಈಗ ಸ್ಯಾನ್ ಡಿಯಾಗೋದಲ್ಲಿದ್ದಾನೆ. ಅಜ್ಜಿ ಒಂದು ಮಧ್ಯಾಹ್ನ ಕೋಡುಬಳೆಯ ಡಬ್ಬಿ ಒಂದು ಕೈಯಲ್ಲಿ, ಲಕೋಟೆ ಇನ್ನೊಂದು ಕೈಯಲ್ಲಿ ಹಿಡಿದು ಬಂದರು. "ಏನಪ್ಪಾ ಇದು, ನಾನು ಯಾರಿಗೋ ಸಾಲ ಕೊಡಬೇಕಂತೆ" ಅಂದರು. ತೆರೆದು ನೋಡಿದೆ. 3,920 ಡಾಲರ್ ಹೆಚ್ಚಾಗಿ ಪಾವತಿಯಾಗಿದೆ, ವಾಪಸು ಕೊಡಿ ಎಂದಿತ್ತು.

ಆ ಪತ್ರ ಬರಲು ಕಾರಣ ನಾನು. ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಹಣ ಎಲ್ಲಿಂದ ಹುಟ್ಟಿತು ಎಂದು ತಿಳಿಯಬೇಕು. ಅದರ ಕಥೆ ಬಹುಮಟ್ಟಿಗೆ ಇದೇ ಊರಿನಲ್ಲಿ ಶುರುವಾಗುತ್ತದೆ.

1933ರ ಮಾರ್ಚ್ 10ರಂದು ಲಾಂಗ್ ಬೀಚಿನಲ್ಲಿ ಭೂಕಂಪವಾಯಿತು. ಆರ್ಥಿಕ ಮುಗ್ಗಟ್ಟಿನ ಕಾಲ, ಬ್ಯಾಂಕುಗಳು ಮುಳುಗಿದ್ದವು, ಮುದುಕರ ಉಳಿತಾಯ ಕರಗಿಹೋಗಿತ್ತು. ಫ್ರಾನ್ಸಿಸ್ ಟೌನ್‌ಸೆಂಡ್ ಎಂಬ ವೈದ್ಯರು ಇಲ್ಲಿಯ ನಗರ ಆರೋಗ್ಯ ವಿಭಾಗದಲ್ಲಿದ್ದು ಕೆಲಸ ಕಳೆದುಕೊಂಡಿದ್ದರು. ವಯಸ್ಸು 66. ಕಿಟಕಿಯಾಚೆ ಮುದುಕಿಯರು ಕಸದ ತೊಟ್ಟಿಯಲ್ಲಿ ತಿನ್ನಲು ಏನಾದರೂ ಸಿಗುತ್ತದೆಯೇ ಎಂದು ಕೆದಕುವುದನ್ನು ಕಂಡು ಅವರ ಎದೆ ಕಲಕಿತು ಎಂದು ಹೇಳುವುದುಂಟು. ಆ ವರ್ಷ ಸೆಪ್ಟೆಂಬರ್ 30ರಂದು ಇಲ್ಲಿಯ ಪ್ರೆಸ್-ಟೆಲಿಗ್ರಾಂ ಪತ್ರಿಕೆಯ ಓದುಗರ ಅಂಕಣದಲ್ಲಿ ಅವರ ಪತ್ರ ಅಚ್ಚಾಯಿತು. ಆ ಯೋಜನೆ ಬೆಳೆದು ನಿಂತಾಗ ಅದರ ರೂಪ ಇಷ್ಟು: 60 ದಾಟಿದ, ಕೆಲಸ ಬಿಟ್ಟ ಎಲ್ಲರಿಗೂ ತಿಂಗಳಿಗೆ 200 ಡಾಲರ್ ಕೊಡಿ, ಕೊಂಡು-ಮಾರುವ ವ್ಯವಹಾರದ ಮೇಲೆ ಶೇಕಡಾ 2 ತೆರಿಗೆ ಹಾಕಿ, ಷರತ್ತು, ಆ ಹಣವನ್ನು 30 ದಿನದೊಳಗೆ ಈ ದೇಶದಲ್ಲೇ ಖರ್ಚು ಮಾಡಬೇಕು.

ಆ ಲೆಕ್ಕ ಕೂಡುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ಆಗಲೇ ಹೇಳಿದರು. ಲೆಕ್ಕಿಗನಾಗಿ ನಾನೂ ಹೇಳುತ್ತೇನೆ, ಕೂಡುತ್ತಿರಲಿಲ್ಲ. ಆದರೆ ದೇಶದ ತುಂಬ ಸಾವಿರಾರು ಟೌನ್‌ಸೆಂಡ್ ಕ್ಲಬ್ಬುಗಳು ಎದ್ದವು, ವಾಷಿಂಗ್ಟನ್ನಿನಲ್ಲಿ ಕುರ್ಚಿಗಳು ಅಲುಗಾಡಿದವು. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಹಾಕಿದ್ದರ ಹಿಂದೆ ಆ ಒತ್ತಡವೂ ಇತ್ತು.

ನಾವೆಲ್ಲ ಸಂಬಳದಿಂದ ಕಟ್ಟುವ ಸೋಷಿಯಲ್ ಸೆಕ್ಯುರಿಟಿ ಆ ಕಾಯ್ದೆಯ ಒಂದು ಭಾಗ. ಅದು ಕಟ್ಟಿದವರಿಗೆ ಬರುವ ಹಣ. ಅದೇ ಕಾಯ್ದೆಯಲ್ಲಿ ಇನ್ನೊಂದು ಭಾಗವಿತ್ತು: ಏನೂ ಕಟ್ಟದ, ಏನೂ ಇಲ್ಲದ ಮುದುಕರಿಗೆ ಸಹಾಯ. ಅದನ್ನು ರಾಜ್ಯಗಳು ನಡೆಸಬೇಕು, ತಿಂಗಳಿಗೆ 30 ಡಾಲರ್‌ವರೆಗಿನ ಸಹಾಯದಲ್ಲಿ ಅರ್ಧವನ್ನು ಕೇಂದ್ರ ಕೊಡುತ್ತದೆ ಎಂದಾಯಿತು. ಮೂಲ ಮಸೂದೆಯಲ್ಲಿ, ಆ ಸಹಾಯ ಮನುಷ್ಯನ ಮರ್ಯಾದೆಗೂ ಆರೋಗ್ಯಕ್ಕೂ ಸಾಕಾಗುವಷ್ಟು ಇರಬೇಕು ಎಂಬರ್ಥದ ಒಂದು ಮಾತಿತ್ತು. ಕಾಂಗ್ರೆಸ್ಸಿನಲ್ಲಿ, ಅದರಲ್ಲೂ ದಕ್ಷಿಣ ರಾಜ್ಯಗಳ ಸದಸ್ಯರ ವಿರೋಧದಿಂದ, ಆ ಮಾತನ್ನು ತೆಗೆದುಹಾಕಿದರು. ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆ ಕಾಯ್ದೆಯಿಂದ ಅವತ್ತೇ ಹೊರಗೆ ಹೋಯಿತು. ಉಳಿದದ್ದು ಎಷ್ಟು ಕೊಡಬಹುದು ಎಂಬ ಪ್ರಶ್ನೆ ಮಾತ್ರ.

1972ರಲ್ಲಿ ಕಾನೂನು ಬದಲಾಗಿ, 1974ರ ಜನವರಿಯಿಂದ ವೃದ್ಧರು, ಅಂಧರು, ಅಂಗವಿಕಲರು ಮೂವರಿಗೂ ಕೇಂದ್ರವೇ ಕೊಡುವ ಒಂದು ಹಣ ಶುರುವಾಯಿತು. ಅದೇ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್. ನಾವು ಎಸ್‌ಎಸ್‌ಐ ಅನ್ನುತ್ತೇವೆ. ಒಬ್ಬರಿಗೆ ತಿಂಗಳಿಗೆ 140 ಡಾಲರ್. ಲಾಂಗ್ ಬೀಚಿನ ಆ ವೈದ್ಯರು ನಲವತ್ತು ವರ್ಷಗಳ ಹಿಂದೆ ಕೇಳಿದ್ದು 200. ಈ ಹಣ 200 ದಾಟಿದ್ದು 1979ರ ಜುಲೈಯಲ್ಲಿ.

ಈಗ ಅದನ್ನು ಗೊತ್ತುಮಾಡುವ ಬಗೆ ನೋಡೋಣ. ವರ್ಷವೂ ಯಾರೂ ಕುಳಿತು ಅಕ್ಕಿಗೆ ಎಷ್ಟು, ಬಾಡಿಗೆಗೆ ಎಷ್ಟು, ಔಷಧಿಗೆ ಎಷ್ಟು ಎಂದು ಬರೆಯುವುದಿಲ್ಲ. ಹಳೆಯ ಸಂಖ್ಯೆಯನ್ನು ಬೆಲೆ ಸೂಚ್ಯಂಕದಿಂದ ಗುಣಿಸುತ್ತಾರೆ, ಅಷ್ಟೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳ ಸರಾಸರಿಯನ್ನು ಹಿಂದಿನದರ ಜೊತೆ ಹೋಲಿಸಿ, ಅಕ್ಟೋಬರಿನಲ್ಲಿ ಏರಿಕೆ ಘೋಷಿಸುತ್ತಾರೆ. ಜನವರಿಯಿಂದ ಹೊಸ ಮೊತ್ತ. ಬಳಸುವ ಸೂಚ್ಯಂಕ ನಗರದ ಕೂಲಿಕಾರರು ಮತ್ತು ಗುಮಾಸ್ತರ ಖರ್ಚಿನದು, ಅಂದರೆ ದುಡಿಯುವವರ ಬುಟ್ಟಿ. ಔಷಧಿ ಹೆಚ್ಚು, ಪೆಟ್ರೋಲ್ ಕಡಿಮೆ ಇರುವ ಅಜ್ಜಿಯ ಬುಟ್ಟಿ ಅದಲ್ಲ. ಹೀಗೆ ಗುಣಿಸುತ್ತ ಬಂದು 2025ರಲ್ಲಿ ಕೇಂದ್ರದ ಮೊತ್ತ 967 ಡಾಲರ್ ಆಗಿತ್ತು.

ಇದರ ಮೇಲೆ ಕ್ಯಾಲಿಫೋರ್ನಿಯಾ ತನ್ನ ಪಾಲು ಸೇರಿಸುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ, ಲೆಕ್ಕ ಬಲ್ಲವರು ಗಮನಿಸಿ. 2009ರ ಆರಂಭದಲ್ಲಿ ಒಬ್ಬರಿಗೆ ಎರಡೂ ಸೇರಿ 907 ಡಾಲರ್ ಬರುತ್ತಿತ್ತು: ಕೇಂದ್ರದ್ದು 674, ರಾಜ್ಯದ್ದು 233. ರಾಜ್ಯದ ಬೊಕ್ಕಸ ಬರಿದಾಯಿತು. 907 ಹೋಗಿ 870 ಆಯಿತು, 850 ಆಯಿತು, 845 ಆಯಿತು, 2011ರ ಜುಲೈ ಹೊತ್ತಿಗೆ 830 ಆಯಿತು. ಅದೇ ಎರಡು ವರ್ಷ ಸೂಚ್ಯಂಕ ಮೇಲೇಳದ ಕಾರಣ ಕೇಂದ್ರವೂ ಒಂದು ಡಾಲರ್ ಏರಿಸಲಿಲ್ಲ. ರಾಜ್ಯದ ಪಾಲು 156 ಡಾಲರ್ 40 ಸೆಂಟಿಗೆ ಇಳಿದು ವರ್ಷಗಟ್ಟಲೆ ಅಲ್ಲೇ ಕುಳಿತಿತ್ತು. ಅದಕ್ಕಿಂತ ಕೆಳಗೆ ಏಕೆ ಹೋಗಲಿಲ್ಲ? 1983ರ ಮಾರ್ಚಿನ ಮಟ್ಟಕ್ಕಿಂತ ಇಳಿಸಿದರೆ ಕೇಂದ್ರ ಕೊಡುವ ವೈದ್ಯಕೀಯ ನೆರವಿಗೆ ಕುತ್ತು ಬರುತ್ತದೆ ಎಂಬ ನಿಯಮ ಅಡ್ಡ ನಿಂತಿತು. ನೆಲ ಮುಟ್ಟಿದ್ದರಿಂದ ನಿಂತಿತು. 2022, 2023, 2024, ಮೂರು ಜನವರಿಗಳಲ್ಲಿ ಏರಿಸಿ ಈಗ ರಾಜ್ಯದ ಪಾಲು 239 ಡಾಲರ್ 94 ಸೆಂಟ್. ಅಂದರೆ 2009ರ 233ನ್ನು ದಾಟಲು ಹದಿನೈದು ವರ್ಷ ಬೇಕಾಯಿತು, ಅದೂ ಕಾಗದದ ಮೇಲೆ. ಈ ಊರಿನ ಬಾಡಿಗೆ ಆ ಹದಿನೈದು ವರ್ಷದಲ್ಲಿ ಎಲ್ಲಿ ಹೋಯಿತು ಎಂದು ನಾನು ಹೇಳಬೇಕಾಗಿಲ್ಲ.

ಎರಡೂ ಸೇರಿ 2025ರಲ್ಲಿ ಒಬ್ಬರಿಗೆ 1,206 ಡಾಲರ್ 94 ಸೆಂಟ್ ಬರುತ್ತಿತ್ತು. ವರ್ಷಕ್ಕೆ 14,483. ಇದೇ ಸರ್ಕಾರ ಆ ವರ್ಷ ಒಬ್ಬರಿಗೆ ಗೊತ್ತುಮಾಡಿದ್ದ ಬಡತನದ ರೇಖೆ 15,650. ಹೆಚ್ಚುಕಡಿಮೆ ಒಂದು ತಿಂಗಳ ಹಣದಷ್ಟು ಕೊರತೆ. ಹನ್ನೆರಡು ತಿಂಗಳಿಗೆ ಹನ್ನೊಂದು ತಿಂಗಳ ಅನ್ನ ಎಂದುಕೊಳ್ಳಿ. ಇದು ಏನೂ ಕಡಿತವಾಗದೆ ಪೂರ್ತಿ ಬಂದರೆ. ರಾಜ್ಯದ ಪಾಲು ಇಲ್ಲದ ಕಡೆ ಕೇಂದ್ರದ ಹಣ ಆ ರೇಖೆಯ ಮುಕ್ಕಾಲನ್ನೂ ಮುಟ್ಟುವುದಿಲ್ಲ.

ಎಸ್‌ಎಸ್‌ಐಗೂ ಅರ್ಹರಲ್ಲದ ಬಡವರಿಗೆ ಕೌಂಟಿಯ ಜನರಲ್ ರಿಲೀಫ್ ಎಂಬುದೊಂದಿದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಬ್ಬರಿಗೆ ಹೆಚ್ಚೆಂದರೆ ತಿಂಗಳಿಗೆ 221 ಡಾಲರ್. ಸ್ಯಾನ್ ಡಿಯಾಗೋ ಕೌಂಟಿಯಲ್ಲಿ ಅದನ್ನು ಸಾಲವೆಂದು ಕೊಡುತ್ತಾರೆ, ಮುಂದೆ ತೀರಿಸಬೇಕು. ಟೌನ್‌ಸೆಂಡ್ ಕೇಳಿದ್ದು ಎಷ್ಟು? 200. 1933ರಲ್ಲಿ.

ಇನ್ನು ಕಡಿತದ ವಿಷಯ. ತಿಂಗಳಿಗೆ ಬರುವ ಆದಾಯದಲ್ಲಿ ಮೊದಲ 20 ಡಾಲರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದದ್ದು ಪಿಂಚಣಿಯಾದರೆ ಡಾಲರಿಗೆ ಡಾಲರ್ ಕಡಿತ. 500 ಡಾಲರ್ ಸೋಷಿಯಲ್ ಸೆಕ್ಯುರಿಟಿ ಬಂದರೆ 480 ಹೋಯಿತು. ದುಡಿದ ಹಣವಾದರೆ ಇನ್ನೂ 65 ಬಿಟ್ಟು, ಮಿಕ್ಕಿದ್ದರಲ್ಲಿ ಅರ್ಧ ಮಾತ್ರ. 465 ಡಾಲರ್ ದುಡಿದರೆ 20 ಹೋಗಿ, 65 ಹೋಗಿ, 380ರಲ್ಲಿ ಅರ್ಧ, 190 ಕಡಿತ. ಆದಾಯ ಬಂದ ತಿಂಗಳಲ್ಲೇ ಅಲ್ಲ, ಸಾಮಾನ್ಯವಾಗಿ ಎರಡು ತಿಂಗಳು ಬಿಟ್ಟು. ಜನವರಿಯ ಆದಾಯ ಮಾರ್ಚಿನ ಹಣವನ್ನು ಕಡಿಮೆ ಮಾಡುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2022ರ ಯುಗಾದಿ ಸಮಾರಂಭದಲ್ಲಿ ಆ ಅಜ್ಜಿಯ ಮಗ ನನ್ನನ್ನು ಕೇಳಿದ: "ಅಮ್ಮನಿಗೆ ತಿಂಗಳಿಗೆ 300 ಡಾಲರ್ ಕಳಿಸಬೇಕು ಅಂತಿದ್ದೀನಿ, ತೆರಿಗೆ ಬೀಳುತ್ತಾ?" ನಾನು ಒಬ್ಬಟ್ಟು ತಿನ್ನುತ್ತಲೇ ಉತ್ತರ ಕೊಟ್ಟೆ: "ಉಡುಗೊರೆ ಆದಾಯ ಅಲ್ಲ. ವರ್ಷಕ್ಕೆ 16,000ದವರೆಗೆ ನೀನು ಫಾರಂ ಕೂಡ ತುಂಬಬೇಕಿಲ್ಲ. ಧಾರಾಳವಾಗಿ ಕಳಿಸು." ತೆರಿಗೆ ಕಾನೂನಿನಂತೆ ಆ ಉತ್ತರದಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಎಸ್‌ಎಸ್‌ಐ ನಿಯಮದಲ್ಲಿ ಮಗ ಕೊಟ್ಟ ನಗದು ಆದಾಯವೇ. 300ರಲ್ಲಿ 20 ಬಿಟ್ಟು 280 ಪ್ರತಿ ತಿಂಗಳೂ ಕಡಿತವಾಗಬೇಕಿತ್ತು. ತಿಳಿಸಬೇಕೆಂದು ಅಜ್ಜಿಗೆ ಗೊತ್ತಿಲ್ಲ, ಮಗನಿಗೆ ಗೊತ್ತಿಲ್ಲ, ಗೊತ್ತಿರಬೇಕಾದವನು ಕೇಳಲಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಬ್ಯಾಂಕಿನ ಖಾತೆ ನೋಡಿ ಕಚೇರಿ ಲೆಕ್ಕ ಹಾಕಿತು. 280ನ್ನು 14ರಿಂದ ಗುಣಿಸಿ, 3,920.

ಒಂದೇ ಪದ, ಆದಾಯ. ಎರಡು ಕಾನೂನುಗಳಲ್ಲಿ ಎರಡು ಅರ್ಥ. ಅದನ್ನು ಪ್ರತಿದಿನ ಬಳಸುವ ನನಗೇ ಅದು ಹೊಳೆಯಲಿಲ್ಲ. ಅದೇ ಮಗ ಅದೇ 300ರಲ್ಲಿ ಅಮ್ಮನ ಫೋನಿನ ಬಿಲ್ಲನ್ನೂ ಬಸ್ಸಿನ ಪಾಸನ್ನೂ ನೇರವಾಗಿ ಕಟ್ಟಿದ್ದರೆ ಒಂದು ಸೆಂಟೂ ಕಡಿತವಾಗುತ್ತಿರಲಿಲ್ಲ.

ನಾನು ಮಾಫಿಯ ಅರ್ಜಿ ತಯಾರು ಮಾಡಿದೆ. ತಪ್ಪು ನಮ್ಮದಲ್ಲ, ತೀರಿಸುವ ಶಕ್ತಿಯೂ ಇಲ್ಲ ಎಂದು ತೋರಿಸಿದರೆ ವಸೂಲಿ ಬಿಡುವ ಅವಕಾಶ ಕಾನೂನಿನಲ್ಲೇ ಇದೆ. ಅಜ್ಜಿ ಸಹಿ ಹಾಕಲಿಲ್ಲ. "ತಿಂದಿದ್ದೀನಲ್ಲಪ್ಪ, ಕೊಡ್ತೀನಿ. ಕೈ ಚಾಚಿ ಬೇಡ ಅನ್ನಿಸಿಕೊಳ್ಳೋದು ಬೇಡ" ಅಂದರು. ನಾನು ಕಟ್ಟುತ್ತೇನೆ ಅಂದೆ. ಅದಕ್ಕೂ ಒಪ್ಪಲಿಲ್ಲ. 2024ರ ಜನವರಿಯಿಂದ ತಿಂಗಳ ಹಣದಲ್ಲಿ ಶೇಕಡಾ 10, ಸುಮಾರು 120 ಡಾಲರ್, ಮುರಿದುಕೊಳ್ಳುತ್ತಿದ್ದಾರೆ. ನನ್ನ ಲೆಕ್ಕದಂತೆ ಮುಂದಿನ ವರ್ಷದ ಗಣೇಶನ ಹಬ್ಬದ ಹೊತ್ತಿಗೆ ತೀರುತ್ತದೆ. ಈ ಲೆಕ್ಕವನ್ನು ನಾನು ಪ್ರತಿ ತಿಂಗಳೂ ಮಾಡುತ್ತೇನೆ, ಯಾರೂ ಕೇಳದಿದ್ದರೂ.

ಆಮೇಲೆ ನಾನು ಕುಳಿತು ಈ ನಿಯಮಗಳನ್ನೆಲ್ಲ ಓದಿದೆ. ಓದುತ್ತ ಹೋದಂತೆ ಒಂದು ವಿಷಯ ಕಂಡಿತು. ಇಲ್ಲಿ ಹಣ ಕಡಿಮೆಯಾಗುವುದು ಹೆಚ್ಚಾಗಿ ನಮ್ಮಂಥವರ ಮನೆಗಳಲ್ಲಿ ಸಹಜವಾಗಿ ನಡೆಯುವ ಕೆಲಸಗಳಿಗೆ.

ಮುದುಕರನ್ನು ಮನೆಯಲ್ಲಿಟ್ಟುಕೊಳ್ಳುವುದು. ಮಗನ ಮನೆಯಲ್ಲಿ ಬಾಡಿಗೆ-ಕರೆಂಟಿನ ಪಾಲು ಕೊಡದೆ, ಮೂರು ಹೊತ್ತೂ ಅವರ ಅಡುಗೆಯನ್ನೇ ಉಣ್ಣುತ್ತಿದ್ದರೆ ಕೇಂದ್ರದ ಮೊತ್ತದಲ್ಲಿ ಮೂರನೇ ಒಂದು ಭಾಗ, 2025ರಲ್ಲಿ 322 ಡಾಲರ್ 33 ಸೆಂಟ್, ಕಡಿತ. ಐದು ಜನರ ಮನೆ, ಬಾಡಿಗೆ-ನೀರು-ಕರೆಂಟು ಸೇರಿ 3,000 ಎನ್ನಿ. ತಾಯಿ ತನ್ನ ಪಾಲಿನ 600 ಡಾಲರ್ ಕೊಟ್ಟು ರಸೀತಿ ಇಟ್ಟುಕೊಂಡರೆ ಈ ಕಡಿತ ಇಲ್ಲ. ತಾಯಿಯ ಕೈಯಿಂದ ಬಾಡಿಗೆ ಪಡೆಯುವ ಮಗನಿಗೆ ಪೂರ್ತಿ ಹಣ, ಪಡೆಯದ ಮಗನಿಗೆ ಕಡಿತ! ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ನಿಯಮ ಹಾಗಿದೆ. ಒಂದು ಒಳ್ಳೆಯ ಬದಲಾವಣೆ ಎಂದರೆ, 2024ರ ಸೆಪ್ಟೆಂಬರ್ 30ರಿಂದ ಮಕ್ಕಳು ತಂದುಕೊಡುವ ಆಹಾರಕ್ಕೆ ಬೆಲೆ ಕಟ್ಟಿ ಆದಾಯಕ್ಕೆ ಸೇರಿಸುವುದನ್ನು ಬಿಟ್ಟಿದ್ದಾರೆ. ಆರ್ಟೀಷಿಯಾದ ಪಯನೀಯರ್ ಬುಲೆವಾರ್ಡಿನಿಂದ ಅಮ್ಮನ ಮನೆಗೆ ಸೋನಾ ಮಸೂರಿ ಮೂಟೆ ಹೊತ್ತುಕೊಂಡು ಹೋದರೆ ಈಗ ಅದು ಲೆಕ್ಕಕ್ಕಿಲ್ಲ.

ಊರಿಗೆ ಹೋಗುವುದು. ಸತತ 30 ದಿನ ದೇಶದ ಹೊರಗಿದ್ದರೆ ಹಣ ನಿಲ್ಲುತ್ತದೆ, ಹಿಂದಿರುಗಿ ಸತತ 30 ದಿನ ಇಲ್ಲಿದ್ದ ಮೇಲೇ ಮತ್ತೆ ಶುರು. ಮೊಮ್ಮಗಳ ಮದುವೆಗೆಂದು ಒಂದೂವರೆ ತಿಂಗಳು ಹೋದ ಅಜ್ಜನಿಗೆ ಬಂದ ಮೇಲೂ ಒಂದು ತಿಂಗಳು ಬರಿಗೈ. ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಎಣಿಸಿ.

ಕಷ್ಟಕ್ಕಿರಲಿ ಎಂದು ಕೂಡಿಡುವುದು. ವಾಸದ ಮನೆ, ಒಂದು ಕಾರು ಬಿಟ್ಟು ಉಳಿದ ಆಸ್ತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000 ಮೀರಬಾರದು. ಕೈಬೆರಳಿನ ಉಂಗುರ, ಮದುವೆಯ ಒಡವೆ ಬೇರೆ. ಹೂಡಿಕೆಯೆಂದು ಲಾಕರಿನಲ್ಲಿಟ್ಟ ಚಿನ್ನ ಆಸ್ತಿ. ಊರಿನಲ್ಲಿ ಅವರ ಹೆಸರಿನಲ್ಲಿರುವ, ಮಾರಬಹುದಾದ ಸೈಟೂ ಆಸ್ತಿಯೇ. ಅಲ್ಲಿದೆ, ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಬರೆಯದೆ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಅದು ತಪ್ಪಲ್ಲ, ಅಪರಾಧ. ಆ ಅರ್ಜಿಯ ಕೆಳಗೆ ಸಹಿ ಹಾಕುವುದು ನಿಮ್ಮ ತಾಯಿ, ನೀವಲ್ಲ.

ಈಗ ನನ್ನ ಮುಖ್ಯ ಮಾತು. ಆಗ ಹೇಳಿದ ಸಂಖ್ಯೆಗಳನ್ನು ಮತ್ತೆ ನೋಡಿ. ಆ 20 ಡಾಲರ್ ವಿನಾಯಿತಿ ಯಾವಾಗಿನದು? 1974. ಆ 65? ಅದೂ 1974. ಆಸ್ತಿಯ ಮಿತಿ 1974ರಲ್ಲಿ 1,500 ಇತ್ತು, 1989ರಲ್ಲಿ 2,000 ಆಯಿತು, ಅಲ್ಲಿಂದ ಇಲ್ಲಿಯವರೆಗೆ ಅಲುಗಾಡಿಲ್ಲ. ಮೂಲ ಮೊತ್ತ 2025ರ ಹೊತ್ತಿಗೆ 140ರಿಂದ 967 ಆಗಿತ್ತು, ಸುಮಾರು 6.9 ಪಟ್ಟು. ಅದೇ ಪಟ್ಟಿನಲ್ಲಿ ಇವೂ ಬೆಳೆದಿದ್ದರೆ 20 ಆಗ 138 ಆಗಿರುತ್ತಿತ್ತು. 65 ಸುಮಾರು 449 ಆಗಿರುತ್ತಿತ್ತು. ಆಸ್ತಿಯ ಮಿತಿ 10,000 ದಾಟುತ್ತಿತ್ತು. ಅಜ್ಜಿಯ ಮಗ ಕಳಿಸಿದ 300ರಲ್ಲಿ 138 ಬಿಟ್ಟಿದ್ದರೆ ಬಾಕಿ 3,920 ಅಲ್ಲ, 2,268.

ತಿಪಟೂರಿನವರಿಗೆ ಉಂಡೆ ಕೊಬ್ಬರಿ ಗೊತ್ತು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಹೊರಗಿನಿಂದ ಅದೇ ಕಾಯಿ, ಅದೇ ಗಾತ್ರ. ಒಳಗೆ ನೀರು ಆರುತ್ತಿರುತ್ತದೆ, ತೂಕ ಇಳಿಯುತ್ತಿರುತ್ತದೆ. ಈ ಸಂಖ್ಯೆಗಳೂ ಹಾಗೆ. 2009ರಲ್ಲಿ ಕ್ಯಾಲಿಫೋರ್ನಿಯಾ ಕಡಿತ ಮಾಡಿದಾಗ ಗಲಾಟೆಯಾಯಿತು, ಪತ್ರಿಕೆಯಲ್ಲಿ ಬಂತು, ಮತ ಹಾಕಿದವರ ಹೆಸರು ಉಳಿಯಿತು. 20 ಡಾಲರನ್ನು 20 ಆಗಿಯೇ ಬಿಟ್ಟರೆ ಯಾರ ಹೆಸರೂ ಇಲ್ಲ. ಕತ್ತರಿ ಹಾಕದೆಯೂ ಕತ್ತರಿಸಬಹುದು, ಸುಮ್ಮನಿದ್ದರೆ ಸಾಕು. ಬಡವರ ಹಣ ಹೆಚ್ಚಾಗಿ ಕರಗುವುದು ಹೀಗೆ.

ಇದು ಅಮೆರಿಕದವರ ಬುದ್ಧಿ ಎಂದು ನಾವು ಮೂಗು ಮುರಿಯಬೇಕಿಲ್ಲ. ನಮ್ಮಲ್ಲಿ 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ಶುರುಮಾಡಿದಾಗ ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. ಆಮೇಲೆ 80 ದಾಟಿದವರಿಗೆ 500 ಮಾಡಿದರು. ಅದಕ್ಕಿಂತ ಕಿರಿಯರಿಗೆ ಕೇಂದ್ರದ ಪಾಲು ಇವತ್ತಿಗೂ 200 ರೂಪಾಯಿಯೇ. ನೋಡಿ, ಇನ್ನೂರು ಎಂಬ ಸಂಖ್ಯೆ ನಮ್ಮನ್ನು ಇಲ್ಲಿಯೂ ಬಿಡಲಿಲ್ಲ. ಕರ್ನಾಟಕ ತನ್ನ ಹಣ ಸೇರಿಸಿದ್ದರಿಂದ, 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದದ್ದರಿಂದ, ಊರಿನ ಎಷ್ಟೋ ಮುದುಕರ ಕೈಗೆ ಇವತ್ತು 1,200 ರೂಪಾಯಿ ಬರುತ್ತಿದೆ.

ಕಡಿತದ ರೀತಿ ಮಾತ್ರ ಬೇರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಆಕೆಯೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಪೂರ್ತಿ ಇಲ್ಲ. ಅದು ಬಾಗಿಲು: ಒಳಗಿದ್ದೀರಿ, ಇಲ್ಲವೇ ಹೊರಗಿದ್ದೀರಿ. ಇಲ್ಲಿಯದು ಮೆಟ್ಟಿಲು: ಒಂದೊಂದೇ ಇಳಿಸುತ್ತಾರೆ. ಬಾಗಿಲಿನಲ್ಲಿ ಲೆಕ್ಕ ಸುಲಭ, ಹೊಸ್ತಿಲಲ್ಲಿ ನಿಂತವರಿಗೆ ಅನ್ಯಾಯ. ಸಣ್ಣ ಅಂಗಡಿಗೆ ಜಿಎಸ್‌ಟಿ ಮಾಡಿಸಿದ ಗಂಡನ ಹೆಂಡತಿಯನ್ನು ಕೇಳಿ. ಮೆಟ್ಟಿಲಿನಲ್ಲಿ ನ್ಯಾಯ ಹೆಚ್ಚು, ಆದರೆ ಪ್ರತಿ ಮೆಟ್ಟಿಲಿಗೂ ಒಂದು ಕಾಗದ, ಕಾಗದ ತಪ್ಪಿದರೆ ಬಾಕಿಯ ಪತ್ರ.

ಇನ್ನು ನಮ್ಮ ತಂದೆ-ತಾಯಿಯರನ್ನು ಕರೆಸಿಕೊಳ್ಳುವವರಿಗೆ ಎರಡು ಮಾತು. 1996ರ ಆಗಸ್ಟ್ 22ರ ಕಾನೂನು ಬಂದ ಮೇಲೆ, ಹಸಿರು ಕಾರ್ಡಿನ ಮೇಲೆ ಬಂದ ವೃದ್ಧರಿಗೆ ಎಸ್‌ಎಸ್‌ಐ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಐದು ವರ್ಷ ಕಳೆದಿರಬೇಕು, ಜೊತೆಗೆ ತಮ್ಮದೋ ಸಂಗಾತಿಯದೋ ದುಡಿಮೆಯ 40 ತ್ರೈಮಾಸಿಕಗಳು, ಅಂದರೆ ಹತ್ತು ವರ್ಷ, ಇರಬೇಕು. ಬೆಳೆದ ಮಕ್ಕಳ ದುಡಿಮೆ ತಂದೆ-ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಅವರು ಪೌರರಾಗುವವರೆಗೆ, ಐ-864 ಫಾರಂಗೆ ಸಹಿ ಹಾಕಿದ ನಿಮ್ಮ ಆದಾಯವನ್ನೇ ಅವರ ಆದಾಯ ಎಂದು ಎಣಿಸುತ್ತಾರೆ. ಆ ಫಾರಂ ಬರೀ ಶಾಸ್ತ್ರವಲ್ಲ, ಅದು ಕರಾರು. ಸಹಿ ಹಾಕುವ ಮುಂಚೆ ದಯವಿಟ್ಟು ಓದಿ. ಇದೇ ಕಾನೂನು ನಿರಾಶ್ರಿತರಿಗೂ ಐದು ವರ್ಷದ ಮಿತಿ ಹಾಕಿತು, ಆಮೇಲೆ ಅದು ಏಳು ವರ್ಷವಾಯಿತು. ಇಲ್ಲಿ ಆನಹೈಮ್ ಬೀದಿಯಲ್ಲಿ ನೆಲೆಸಿರುವ ಕಾಂಬೋಡಿಯಾದ ಹಿರಿಯರಂಥವರಿಗೆ ಪೌರತ್ವದ ಪರೀಕ್ಷೆಯೇ ಅನ್ನದ ಪರೀಕ್ಷೆಯಾಯಿತು. ಇಂಗ್ಲಿಷ್ ಬಾರದ ನಮ್ಮ ಅಜ್ಜಿಯರ ಪಾಡೂ ಅದಕ್ಕಿಂತ ದೂರವಿಲ್ಲ. ಹಾಗೆ ಹೊರಗುಳಿದವರಿಗಾಗಿಯೇ ಕ್ಯಾಲಿಫೋರ್ನಿಯಾ ಸ್ವಂತ ಹಣದಿಂದ ಕ್ಯಾಪಿ ಎಂಬ ಯೋಜನೆ ನಡೆಸುತ್ತದೆ. ಆದರೆ ಅದರಲ್ಲೂ ಪ್ರಾಯೋಜಕರ ಆದಾಯವನ್ನು ಹತ್ತು ವರ್ಷ ಎಣಿಸುತ್ತಾರೆ.

ಕೊನೆಗೆ, ಮನೆಗೆ ಹೋಗಿ ಮಾಡಬೇಕಾದ ಕೆಲಸ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಈ ಹಣ ಪಡೆಯುವವರಿದ್ದರೆ ಅವರ ಲಕೋಟೆಗಳನ್ನು ತೆರೆದು ಓದಿ ಹೇಳಿ. ಆದಾಯವೋ ವಿಳಾಸವೋ ಬದಲಾದರೆ ಮುಂದಿನ ತಿಂಗಳು 10ನೇ ತಾರೀಖಿನೊಳಗೆ ತಿಳಿಸಬೇಕು. ಕಡಿತದ ಪತ್ರ ಬಂದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಪತ್ರ ಕೈಸೇರಿದ 10 ದಿನದೊಳಗೆ ಹಾಕಿದರೆ ತೀರ್ಮಾನವಾಗುವವರೆಗೆ ಮೊದಲಿನ ಮೊತ್ತವೇ ಬರುತ್ತದೆ. ಬಾಕಿಯ ಮಾಫಿಗೆ ಅರ್ಜಿ ಹಾಕಲು ಗಡುವೇ ಇಲ್ಲ. 2019ರ ಜೂನ್‌ನಿಂದ ಎಸ್‌ಎಸ್‌ಐ ಪಡೆಯುವವರು ಕ್ಯಾಲ್‌ಫ್ರೆಶ್ ಆಹಾರ ಸಹಾಯಕ್ಕೂ ಅರ್ಜಿ ಹಾಕಬಹುದು. ಇದು ನಮ್ಮ ಎಷ್ಟೋ ಹಿರಿಯರಿಗೆ ಇನ್ನೂ ತಿಳಿದಿಲ್ಲ. ಮತ್ತೆ, ಮತ ಇರುವವರು ಆ 20 ಡಾಲರ್ ಬಗ್ಗೆ, ಆ 2,000 ಡಾಲರ್ ಬಗ್ಗೆ ನಿಮ್ಮ ಕಾಂಗ್ರೆಸ್ ಸದಸ್ಯರಿಗೆ ಒಂದು ಪತ್ರ ಬರೆಯಿರಿ. ಪತ್ರಿಕೆಗೆ ಬರೆದ ಒಂದು ಪತ್ರ ಈ ಊರಿನಿಂದ ಎಲ್ಲಿಯವರೆಗೆ ಹೋಯಿತು ಎಂದು ಈಗಷ್ಟೇ ಕೇಳಿದಿರಿ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮ ಸಂಘದ ಗ್ರಂಥಾಲಯದ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತಿರುತ್ತೇನೆ. ಶುಲ್ಕ ಇಲ್ಲ. ಲಕೋಟೆ ತನ್ನಿ. ಸಮಾರಂಭದಲ್ಲಿ ಒಬ್ಬಟ್ಟು ತಿನ್ನುತ್ತ ಸಲಹೆ ಕೊಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಆ ಅಜ್ಜಿ ಇವತ್ತು ಸಭೆಯಲ್ಲಿದ್ದಾರೆ. ಈ ಕಥೆ ಹೇಳಬಹುದೇ ಎಂದು ಮೊದಲೇ ಕೇಳಿದ್ದೆ. "ಹೇಳು. ಆದರೆ ನಾನು ಬೇಡಿಕೊಂಡೆ ಅಂತ ಹೇಳಬೇಡ" ಅಂದರು. ಅಜ್ಜಿ, ನೀವು ಬೇಡಿಕೊಳ್ಳಲಿಲ್ಲ. ಮಾಫಿ ಕೇಳುವುದು ಬೇಡುವುದೂ ಅಲ್ಲ, ಅದು ಕಾನೂನು ಕೊಟ್ಟ ಹಕ್ಕು. ಆ ಅರ್ಜಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಗಣೇಶನ ಹಬ್ಬಕ್ಕೆ ಇನ್ನೂ ಒಂದು ವರ್ಷದ ಮೇಲಿದೆ. ಸಹಿಯ ಜಾಗ ಖಾಲಿ ಇದೆ.